ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಇಂಟರ್ನೆಟ್ ಕರೆ: ಯುಎಸ್‌ಬಿ ಡಬ್ಬಿ, ಎಟಿಎ, ಫೈಬರ್ ಮೋಡೆಮ್

ಅಮ್ಮನಿಗೆ ಟಚ್ ಸ್ಕ್ರೀನ್ ಒಗ್ಗಲೇ ಇಲ್ಲ. ಮನೆಯ ಹಳೇ ಬಟನ್ ಫೋನು ಇನ್ನೂ ಗಟ್ಟಿಯಾಗಿದೆ. ಅದರಲ್ಲೇ ಅಮೆರಿಕದ ತಂಗಿ ಜೊತೆ ಖರ್ಚಿಲ್ಲದೆ ಮಾತಾಡೋ ಹಾಗಾಗಬೇಕಿತ್ತು. ಮೂರು ದಾರಿ ನೋಡಿದೆ.

ಮೊದಲೇ ಹೇಳಿಬಿಡುತ್ತೇನೆ: ಹಳೇ ಡಯಲ್-ಅಪ್ ಮೋಡೆಮ್‌ನಲ್ಲಿ ‘ಫೋನ್’ ಅಂತ ಬರೆದಿರೋ ತೂತಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಫೋನಿಗೆ ಎಕ್ಸ್‌ಚೇಂಜಿಂದ ಸುಮಾರು 48 ವೋಲ್ಟ್ ಡಿಸಿ ಬರುತ್ತಿತ್ತು, ಗಂಟೆ ಹೊಡೆಯಲು 75 ವೋಲ್ಟ್ ಆಸುಪಾಸಿನ ಎಸಿ. ಮೋಡೆಮ್ ಅದನ್ನು ತಾನಾಗಿ ಕೊಡಲ್ಲ. ಕೊಡುವ ಪೋರ್ಟಿಗೆ ಎಫ್‌ಎಕ್ಸ್‌ಎಸ್ ಅನ್ನುತ್ತಾರೆ. ಎಫ್‌ಎಕ್ಸ್‌ಒ ಮಾತ್ರ ಇದ್ದರೆ ಕೊಳ್ಳಬೇಡಿ, ಅದು ಹೊರಗಿನ ಲೈನ್ ಸಿಕ್ಕಿಸೋಕೆ.

ಫೋನನ್ನು ಕಂಪ್ಯೂಟರಿಗೆ ಸೇರಿಸೋ ಯುಎಸ್‌ಬಿ ಡಬ್ಬಿ ಅಗ್ಗಕ್ಕೆ ಸಿಕ್ಕಿತು, ಧ್ವನಿಯೂ ಪರವಾಗಿಲ್ಲ. ಆದರೆ ಅದರ ಸಾಫ್ಟ್‌ವೇರ್ ಸ್ಕೈಪ್ ನೆಚ್ಚಿಕೊಂಡದ್ದು, ಸ್ಕೈಪ್ 2025ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿತು. ಬೇರೆ ಸಾಫ್ಟ್‌ಫೋನ್ (ಕಂಪ್ಯೂಟರಿನಲ್ಲೇ ಕರೆ ಮಾಡೋ ಪ್ರೋಗ್ರಾಂ) ಹಾಕಿದರೆ ಡಬ್ಬಿ ಬರೀ ಸೌಂಡ್ ಕಾರ್ಡ್: ಮಾತು ಕೇಳುತ್ತೆ, ನಂಬರ್ ಮಾತ್ರ ಮೌಸ್‌ನಲ್ಲೇ ಒತ್ತಬೇಕು. ಮೇಲಾಗಿ ಕಂಪ್ಯೂಟರ್ ಹಗಲೂ ರಾತ್ರಿ ಆನ್ ಇರಬೇಕು. ಅಮ್ಮನಿಗೆ ಇದು ಆಗದ ಮಾತು.

ಎಟಿಎ ಅಂದರೆ ಹಳೇ ಫೋನನ್ನು ನೇರ ಇಂಟರ್ನೆಟ್‌ಗೆ ಸೇರಿಸೋ ಪುಟ್ಟ ಪೆಟ್ಟಿಗೆ. ಅದಕ್ಕೆ ಕಂಪ್ಯೂಟರ್ ಬೇಕಾಗೋದು ಸೆಟ್ ಮಾಡುವಾಗ ಮಾತ್ರ. ನಾನು ತಂದದ್ದು ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801. ಒಂದು ಕಡೆ ರೂಟರ್‌ಗೆ ಲ್ಯಾನ್ ಕೇಬಲ್, ಇನ್ನೊಂದು ಕಡೆ ಫೋನು. ರಿಸೀವರ್ ಎತ್ತಿ * ಮೂರು ಸಲ ಒತ್ತಿ, ಆಮೇಲೆ 02 ಒತ್ತಿದರೆ ತನ್ನ ಐಪಿ ವಿಳಾಸವನ್ನು ಬಾಯಲ್ಲೇ ಹೇಳುತ್ತೆ! ಅದನ್ನು ಬ್ರೌಸರ್‌ನಲ್ಲಿ ಹಾಕಿ ಲಿನ್‌ಫೋನ್ ಅನ್ನೋ ಕರೆ ಆ್ಯಪ್‌ನ ಉಚಿತ ಸಿಪ್ ಖಾತೆ (ಇಂಟರ್ನೆಟ್ ಕರೆಯ ಖಾತೆ) ತುಂಬಿಸಿದೆ. ತಂಗಿ ಮೊಬೈಲಿನಲ್ಲಿ ಅದೇ ಆ್ಯಪ್. ಸಿಪ್ ವಿಳಾಸದಲ್ಲಿ ಅಕ್ಷರಗಳಿದ್ದರೆ ಫೋನಿನ ಬಟನ್‌ನಲ್ಲಿ ಒತ್ತೋದು ಹೇಗೆ? ಆಫ್‌ಹುಕ್ ಆಟೋ-ಡಯಲ್ ಅಂತ ಒಂದು ಸೆಟ್ಟಿಂಗ್ ಇದೆ, ಅಲ್ಲಿ ಅವಳ ಹೆಸರು ಹಾಕಿದೆ. ಈಗ ಅಮ್ಮ ರಿಸೀವರ್ ಎತ್ತಿದರೆ ಸಾಕು, ಅಲ್ಲಿ ರಿಂಗಾಗುತ್ತೆ. ಅವಳು ಮಾಡಿದರೆ ಇಲ್ಲಿ ಹಳೇ ಗಂಟೆಯೇ ಹೊಡೆಯುತ್ತೆ, ಬೀದಿಗೆಲ್ಲ ಕೇಳೋ ಹಾಗೆ. ಧ್ವನಿಯನ್ನು ಡಿಜಿಟಲ್ ಮಾಡೋ ಜಿ.711 ಕೋಡೆಕ್‌ಗೆ ಹೋಗಿಬರುವ ಎರಡೂ ದಿಕ್ಕಿನಲ್ಲಿ ತಲಾ 90 ಕೆಬಿಪಿಎಸ್‌ಗಿಂತ ಕಡಿಮೆ ಸಾಕು, ಸಾಧಾರಣ ಬ್ರಾಡ್‌ಬ್ಯಾಂಡ್ ಧಾರಾಳ.

ಇದರ ಕೊರತೆಯೂ ದೊಡ್ಡದೇ. ಉಚಿತ ಖಾತೆಯಿಂದ ಹಾಲಿನವನ ಮೊಬೈಲಿಗೋ ಗ್ಯಾಸ್ ಏಜೆನ್ಸಿಗೋ ಫೋನ್ ಹೋಗಲ್ಲ.

ಆ ಕೆಲಸಕ್ಕೆ ಫೈಬರ್ ಮೋಡೆಮ್ ಹಿಂದಿನ ಟೆಲಿಫೋನ್ ಪೋರ್ಟೇ ಸರಿ. ಸೆಟ್ಟಿಂಗೇ ಇಲ್ಲ, ಪ್ಲಾನಿನಲ್ಲಿ ಫೋನ್ ಸೇರಿದ್ದರೆ ವೈರ್ ಸಿಕ್ಕಿಸಿದ ತಕ್ಷಣ ಡಯಲ್ ಟೋನ್. ಆದರೆ ಒಳಗಿರೋದು ಕಂಪನಿಯ ಖಾತೆ, ಅಮೆರಿಕಕ್ಕೆ ಮಾಡಿದರೆ ಐಎಸ್‌ಡಿ ದರ.

ಕರೆಂಟ್ ಹೋದರೆ ಇವೆಲ್ಲ ಸತ್ತಂತೆ. ತಾಮ್ರದ ತಂತಿಯ ಕಾಲದಲ್ಲಿ ಈ ತಲೆನೋವಿರಲಿಲ್ಲ. ಎಟಿಎ 5 ವೋಲ್ಟಿನದು, ಹಾಗಾಗಿ ಯುಎಸ್‌ಬಿ ತೂತಿರೋ ಮಿನಿ ಯುಪಿಎಸ್ ತಂದು ಮೋಡೆಮ್ ಜೊತೆ ಅದಕ್ಕೇ ಹಾಕಿದ್ದೇನೆ. ಅಮ್ಮನ ಕೋಣೆಯಲ್ಲಿ ಎಟಿಎ ಫೋನು, ಹಾಲ್‌ನಲ್ಲಿ ಮೋಡೆಮ್‌ಗೆ ಇನ್ನೊಂದು. ಯುಎಸ್‌ಬಿ ಡಬ್ಬಿ ಬೇಕಾದವರು ತಗೊಂಡು ಹೋಗಬಹುದು.