ಮನಾಲಿಯಲ್ಲಿ ಒಂದು ತಿಂಗಳ ಬಾಡಿಗೆ ಮನೆ: ಐದಕ್ಕೆ ಮೂರೂವರೆ

ಬಳ್ಳಾರಿ ಬಿಸಿಲಲ್ಲಿ ಬೆಳೆದವನು ನಾನು. ಹಿಮ ನೋಡ್ತಾ ಆಫೀಸ್ ಕೆಲಸ ಮಾಡೋಣ ಅಂತ ಜನವರಿಯಲ್ಲಿ ಹಳೇ ಮನಾಲಿಯಲ್ಲಿ ಮನೆ ಹಿಡಿದೆ. ಒಂದು ರೂಮು, ಅಡುಗೆಮನೆ, ತಿಂಗಳಿಗೆ 22 ಸಾವಿರ.

ಮೊದಲ ರಾತ್ರಿಯೇ ಎಡವಟ್ಟು. ಅಲ್ಲಿ ಮಲಗುವಾಗ ನಲ್ಲಿಯನ್ನು ತೊಟ್ಟಿಕ್ಕಲು ಬಿಡಬೇಕಂತೆ, ನನಗೆ ಗೊತ್ತಾಗಿದ್ದು ಆಮೇಲೆ. ನೀರು ಬಂದಾಗ ಡ್ರಮ್ಮು ತುಂಬಿಸಿಟ್ಟುಕೊಳ್ಳುವವರು ನಾವು, ಬಿಡ್ತೀವಾ? ಗಟ್ಟಿಯಾಗಿ ತಿರುಗಿಸಿ ಮಲಗಿದೆ. ಬೆಳಿಗ್ಗೆ ಪೈಪಿನೊಳಗೆ ನೀರು ಕಲ್ಲಾಗಿತ್ತು. ಮಾಲೀಕರ ತಾಯಿ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಸುತ್ತಿ ಬಿಡಿಸಿಕೊಟ್ಟರು. ಬೀಗದ ಕೈ ಕೊಡುವಾಗಲೇ ಹೇಳಬಹುದಿತ್ತು ಅಲ್ವಾ?

ತಗಡಿನ ಸೌದೆ ಒಲೆಗೆ ಅಲ್ಲಿ ತಂದೂರ್ ಅಂತಾರೆ. ರೂಮು ಬೆಚ್ಚಗಿಡುತ್ತೆ, ಆದರೆ ಸೌದೆಗೆ ಬೇರೆ ದುಡ್ಡು. ಅದರ ಮೇಲೇ ಹಂಚಿಟ್ಟು, ಊರಿಂದ ಒಯ್ದ ಹಿಟ್ಟಲ್ಲಿ ಜೋಳದ ರೊಟ್ಟಿ ಮಾಡಿದೆ. ಆ ಅಜ್ಜಿ ಶೇಂಗಾ ಚಟ್ನಿಪುಡಿಯನ್ನು ಎರಡು ಸಲ ಹಾಕಿಸಿಕೊಂಡರು. ಬೇಳೆಯದ್ದೇ ತಲೆನೋವು. ಎರಡು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತೆ, ಕುಕ್ಕರ್ ಇಲ್ಲದೆ ಬೇಳೆ ಬೇಗ ಬೇಯಲ್ಲ. ಮನೆಯಲ್ಲಿ ಕುಕ್ಕರ್ ಇತ್ತು, ಗ್ಯಾಸ್ಕೆಟ್ ಇರಲಿಲ್ಲ!

ಸ್ಕೀ ಆಡಲು ಹತ್ತಿರದ ಸೋಲಾಂಗ್ ಕಣಿವೆಗೆ ಒಂದೇ ಸಲ ಹೋದೆ. ಜಾರಿದ್ದಕ್ಕಿಂತ ಬಿದ್ದಿದ್ದೇ ಜಾಸ್ತಿ.

ಒಬ್ಬ ಬ್ರೋಕರ್ ಸುಮ್ನೆ ಬಿಡಲಿಲ್ಲ, 'ಜಾಗ ತಗೊಳ್ಳಿ ಸರ್' ಅಂತ ಬೆನ್ನುಹತ್ತಿದ. ಹಿಮಾಚಲದ 1972ರ ಭೂ ಕಾನೂನಿನ 118ನೇ ಸೆಕ್ಷನ್ ಪ್ರಕಾರ, ಅಲ್ಲಿನ ರೈತರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವಂತಿಲ್ಲ. ನಾನು ಅದರ ಬಗ್ಗೆ ಪ್ರಶ್ನೆ ಹಾಕಿದ ಮೇಲೆ ಅವನ ಫೋನು ನಿಂತಿತು.

ಮತ್ತೆ ಹೋದರೆ ಇದೇ ಮನೆ. ಗ್ಯಾಸ್ಕೆಟ್ ಮಾತ್ರ ಬ್ಯಾಗಲ್ಲಿರುತ್ತೆ.