ಎಂಟು ವರ್ಷ, ಒಂದೇ ರಿವಾಲ್ವರ್: ಗುರಿ ಸ್ಪರ್ಧೆಗೆ ಸ್ಮಿತ್ ಅಂಡ್ ವೆಸನ್ 686

ಅಂಗಡಿಯವರು ರಿವಾಲ್ವರ್ ಕೈಗೆ ಕೊಟ್ಟಾಗ ನಾನು ಮೊದಲು ನೋಡಿಕೊಂಡದ್ದು ನನ್ನ ತೋರುಬೆರಳನ್ನು. ನನ್ನ ಕೈ ಚಿಕ್ಕದು. ಬೆರಳು ಟ್ರಿಗರ್ ಮೇಲೆ ಸರಿಯಾಗಿ ಕೂರದಿದ್ದರೆ ಎಂಥ ಒಳ್ಳೆಯ ರಿವಾಲ್ವರ್ ಕೊಂಡರೂ ದಂಡ ಅಂತ, ರೇಂಜಿನಲ್ಲಿ ನನಗೆ ಹೇಳಿಕೊಟ್ಟ ಹಿರಿಯರು ಹೇಳಿ ಕಳಿಸಿದ್ದರು. ಅದು 2017. ಅವತ್ತು ತಂದದ್ದು ಸ್ಮಿತ್ ಅಂಡ್ ವೆಸನ್ 686, ಆರು ಇಂಚಿನ ನಳಿಗೆ, ಆರು ಗುಂಡು. ಎಂಟು ವರ್ಷದಲ್ಲಿ ಇದರಲ್ಲಿ ಇಪ್ಪತ್ತು ಸಾವಿರದ ಹತ್ತಿರ ಈಡು ಹೊಡೆದಿದ್ದೇನೆ. ಲೆಕ್ಕ ನೋಟ್‌ಬುಕ್ಕಿನಲ್ಲಿದೆ.

ನಮ್ಮೂರು ಮಡಿಕೇರಿ ಹತ್ತಿರ. ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವಳು ನಾನು. ಹಾಗಾಗಿ ಕೋವಿ ಹೊಸದೇನಲ್ಲ. ರಿವಾಲ್ವರ್ ಮಾತ್ರ ಫೀನಿಕ್ಸ್‌ಗೆ ಬಂದ ಮೇಲೆ ಪರಿಚಯ ಆದದ್ದು. ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು: ವರ್ಕ್ ವೀಸಾದಲ್ಲಿ ಇರುವವರು ಇಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇವೆ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ.

ಆಗ ನನ್ನ ಮುಂದೆ ಮೂರು ದಾರಿ ಇದ್ದವು. ಕೋಲ್ಟ್ ಪೈಥಾನ್ ಕಣ್ಣಿಗೆ ಹಬ್ಬ. ಆದರೆ 1955ರಲ್ಲಿ ಬಂದ ಆ ಮಾಡೆಲ್ ಆಗ ತಯಾರಿಕೆಯಲ್ಲೇ ಇರಲಿಲ್ಲ. ಹಳೆಯದಕ್ಕೆ ಕೇಳುತ್ತಿದ್ದ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ಹೊಸ ಪೈಥಾನ್ ಬಂದದ್ದು 2020ರಲ್ಲಿ. ರೂಗರ್ ಜಿಪಿ100 ಗಟ್ಟಿಮುಟ್ಟು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಟ್ರಿಗರ್ ಎಳೆದು ನೋಡಿದಾಗ 686 ನನ್ನ ಬೆರಳಿಗೆ ಜಾಸ್ತಿ ನಯ ಅನ್ನಿಸಿತು. ಅಷ್ಟೇ ಕಾರಣ. ಕಾಗದದ ಮೇಲೆ ಯಾವುದು ಎಷ್ಟು ಹತ್ತಿರ ಹತ್ತಿರ ತೂತು ಮಾಡುತ್ತದೆ ಅಂತ ನೋಡಲು ಹೋಗಲೇ ಇಲ್ಲ. ಈ ಮೂರರಲ್ಲಿ ಯಾವುದನ್ನು ತಗೊಂಡರೂ ಅದು ನಮಗಿಂತ ಚೆನ್ನಾಗಿಯೇ ಹೊಡೆಯುತ್ತದೆ.

686 ಹುಟ್ಟಿದ್ದಕ್ಕೂ ಒಂದು ಕಾರಣ ಇದೆ. ಇದೇ ಕಂಪನಿಯ ಹಳೆಯ ಮಾಡೆಲ್ 19 ಸ್ವಲ್ಪ ತೆಳು ಮೈಯದು. ಹಗುರ ಗುಂಡಿನ, ಜೋರು ಮದ್ದಿನ .357 ಮ್ಯಾಗ್ನಮ್ ತೋಟಾ ಸತತವಾಗಿ ಹೊಡೆದರೆ ಅದರ ನಳಿಗೆಯ ಹಿಂಬದಿ ಬಿರುಕು ಬಿಡುವುದಿತ್ತು. ಅದಕ್ಕೇ 1980ರ ಹೊತ್ತಿಗೆ ಇನ್ನೊಂದಿಷ್ಟು ದಪ್ಪದ, ಎಲ್ ಫ್ರೇಮ್ ಅನ್ನುವ ಮೈ ಮಾಡಿದರು. ನಳಿಗೆ ಕೆಳಗೆ ತುದಿವರೆಗೂ ಉಕ್ಕು ತುಂಬಿದರು. ಒಟ್ಟು ತೂಕ ಒಂದೂಕಾಲು ಕೆ.ಜಿ. ಈ ತೂಕ ವರವೂ ಹೌದು, ಶಾಪವೂ ಹೌದು. ಮ್ಯಾಗ್ನಮ್ಮಿಗಿಂತ ಗಿಡ್ಡ, ಮೆತ್ತನೆಯ .38 ಸ್ಪೆಷಲ್ ತೋಟಾ ಹೊಡೆದಾಗ ಕೈಗೆ ಒದೆ ತಾಗುವುದೇ ಇಲ್ಲ ಅನ್ನಬಹುದು. ಆದರೆ ಕಾಗದದ ಗುರಿಗೆ ಹೊಡೆಯುವ ಬುಲ್ಸ್‌ಐ ಸ್ಪರ್ಧೆಯಲ್ಲಿ ಒಂದೇ ಕೈಯಲ್ಲಿ ಹಿಡಿಯಬೇಕು. ಐವತ್ತನೇ ಈಡಿನ ಹೊತ್ತಿಗೆ ಭುಜ ಉರಿಯಲು ಶುರು. ಮೊದಲ ವರ್ಷ ನೀರು ತುಂಬಿದ ಬಾಟಲಿ ಹಿಡಿದು ತೋಳು ಪಳಗಿಸಿದೆ.

ನಳಿಗೆ ಎಷ್ಟು ಉದ್ದ ಬೇಕು ಅನ್ನುವುದನ್ನು ಸ್ಪರ್ಧೆಯ ನಿಯಮ ಓದಿಯೇ ತೀರ್ಮಾನಿಸಿ. ನಾನು ಓದಲಿಲ್ಲ. ಆರು ಇಂಚು ತಗೊಂಡು ಖುಷಿಯಿಂದ ಆತ್ಮರಕ್ಷಣೆ ಮಾದರಿಯ ಐಡಿಪಿಎ ಮ್ಯಾಚ್‌ಗೆ ಹೋದರೆ, ಅಲ್ಲಿ ರಿವಾಲ್ವರ್ ವಿಭಾಗದಲ್ಲಿ ನಾಲ್ಕೂಕಾಲು ಇಂಚು ಮೀರಬಾರದು ಅಂದರು. ಬರಿಗೈಲಿ ವಾಪಸ್ ಬಂದೆ. ಆದರೆ ಕಾಗದದ ಗುರಿಗೆ ಆರು ಇಂಚೇ ಸರಿ. ಗುರಿ ಹಿಡಿಯುವ ಎರಡು ಸೈಟ್‌ಗಳ ನಡುವೆ ದೂರ ಜಾಸ್ತಿ ಇದ್ದಷ್ಟೂ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 590 ಹೊಡೆದು ಚಿನ್ನ ಗೆದ್ದರಲ್ಲ, ಆ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ನಳಿಗೆಯ ಮಿತಿ 153 ಮಿ.ಮೀ. ಆರು ಇಂಚು ಅಂದರೆ 152.4. ಕರಾರುವಾಕ್ಕಾಗಿ ಹೊಂದುತ್ತದೆ.

ಈಗ ಟ್ರಿಗರ್ ವಿಷಯ. ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಹೊಡೆದರೆ ಸಿಂಗಲ್ ಆ್ಯಕ್ಷನ್. ಟ್ರಿಗರ್ ಮೆಲ್ಲಗೆ ಒತ್ತಿದರೂ ಬಿಟ್ಟುಕೊಡುತ್ತದೆ. ಎಲ್ಲರಿಗೂ ಮೊದಲು ಇದೇ ಇಷ್ಟ ಆಗುವುದು, ನನಗೂ ಆಯಿತು. ಡಬಲ್ ಆ್ಯಕ್ಷನ್‌ನಲ್ಲಿ ಬೆರಳೊಂದೇ ಹ್ಯಾಮರ್ ಎತ್ತಬೇಕು, ತೋಟಾ ಕೂರುವ ಸಿಲಿಂಡರ್ ತಿರುಗಿಸಬೇಕು, ಬಿಡಬೇಕು. ನನ್ನದು ಕೊಂಡಾಗ ಅಳೆದರೆ ಹನ್ನೊಂದು ಪೌಂಡ್, ಅಂದರೆ ಐದು ಕೆ.ಜಿ. ಒಂದೂಕಾಲು ಕೆ.ಜಿ. ವಸ್ತುವನ್ನು ಐದು ಕೆ.ಜಿ. ಬಲದಲ್ಲಿ ಎಳೆಯಬೇಕು, ಅದು ಕೂದಲೆಳೆಯಷ್ಟೂ ಅಲುಗಬಾರದು. ರಿವಾಲ್ವರ್ ಕಲಿಕೆ ಅಂದರೆ ಇಷ್ಟೇ. ವೇಗದ ಸ್ಪರ್ಧೆಗಳಲ್ಲಿ ಹ್ಯಾಮರ್ ಎಳೆಯುತ್ತಾ ಕೂರಲು ಪುರುಸೊತ್ತಿಲ್ಲ. ಹಾಗಾಗಿ ಕೊಳ್ಳುವಾಗ ಡಬಲ್ ಆ್ಯಕ್ಷನ್ ಎಳೆದು ನೋಡಿಯೇ ಆರಿಸಿ.

ನಾನು ರಾತ್ರಿ ಊಟ ಆದ ಮೇಲೆ ಖಾಲಿ ರಿವಾಲ್ವರಿನಲ್ಲಿ ಅಭ್ಯಾಸ ಮಾಡುತ್ತೇನೆ. ತೋಟಾ ಎಲ್ಲ ಬೇರೆ ಕೋಣೆಯಲ್ಲಿ. ಸಿಲಿಂಡರ್ ತೆರೆದು ಆರೂ ತೂತಿಗೆ ಬೆರಳಿಟ್ಟು ನೋಡಿ, ಡಮ್ಮಿ ತೋಟಾ ಹಾಕಿ, ನಳಿಗೆಯ ಮೇಲೆ ಮುಂದಿನ ಸೈಟಿನ ಹಿಂದೆ ಒಂದು ರೂಪಾಯಿ ನಾಣ್ಯ ಇಡುತ್ತೇನೆ. ಊರಿಂದ ಬರುವಾಗ ಪರ್ಸಿನಲ್ಲಿ ಉಳಿದಿದ್ದ ನಾಣ್ಯ ಅದು. ಟ್ರಿಗರ್ ಎಳೆದು ಹ್ಯಾಮರ್ ಬಿದ್ದರೂ ನಾಣ್ಯ ಬೀಳಬಾರದು. ಮೊದಲ ವಾರ ಹತ್ತರಲ್ಲಿ ಎಂಟು ಸಲ ನೆಲಕ್ಕೆ ಬೀಳುತ್ತಿತ್ತು. ಮೂರು ತಿಂಗಳ ನಂತರ ಸತತ ಐವತ್ತು ಸಲ ನಿಂತಿತು. ಆ ರಾತ್ರಿ ಗಂಡನನ್ನು ಎಬ್ಬಿಸಿ ತೋರಿಸಿದೆ.

ಹಿಡಿಕೆ ಬದಲಿಸಿದೆ. ಜೊತೆಗೆ ಬಂದ ರಬ್ಬರ್ ಹಿಡಿಕೆ ನನ್ನ ಅಂಗೈಗೆ ದಪ್ಪ. ತೆಳ್ಳನೆಯ ಮರದ್ದು ಹಾಕಿದ ಮೇಲೆ ಬೆರಳು ಅರ್ಧ ಸೆಂಟಿಮೀಟರ್ ಮುಂದೆ ಹೋಯಿತು. ಅಷ್ಟಕ್ಕೇ ಗುಂಡು ಎಡಕ್ಕೆ ಬೀಳುವುದು ನಿಂತಿತು. ಮುಂದಿನ ಸೈಟಿನ ಕೆಂಪು ಪಟ್ಟಿ ಅರಿಜೋನಾದ ಬಿಸಿಲಿಗೆ ಮಂಜಾಗಿ ಹರಡಿದಂತೆ ಕಾಣುತ್ತದೆ. ಕಾಗದದ ಗುರಿಗೆ ಚೌಕಾಕಾರದ ಕಪ್ಪು ಸೈಟ್ ಒಳ್ಳೆಯದು.

ಒಂದು ಕೆಟ್ಟ ಅನುಭವವನ್ನೂ ಹೇಳಬೇಕು. ಟ್ರಿಗರ್ ಹಗುರ ಮಾಡಿಸಲು ಇಲ್ಲಿನ ಗನ್‌ಸ್ಮಿತ್ ಒಬ್ಬರಿಗೆ ಕೊಟ್ಟೆ. ಏಳು ಪೌಂಡಿಗೆ ಇಳಿಸಿ ಕೊಟ್ಟರು. ಬೆಣ್ಣೆ ಹಾಗಿತ್ತು! ಮುಂದಿನ ವಾರ ಸ್ಟೀಲ್ ಚಾಲೆಂಜ್ ಮ್ಯಾಚ್, ಉಕ್ಕಿನ ತಟ್ಟೆಗಳಿಗೆ ವೇಗವಾಗಿ ಹೊಡೆಯುವ ಸ್ಪರ್ಧೆ. ಮೂರನೇ ತಟ್ಟೆಗೆ ಟಕ್ ಅಂದಿತು, ಈಡಾಗಲಿಲ್ಲ. ಐದನೆಯದಕ್ಕೆ ಮತ್ತೆ ಟಕ್. ತೋಟಾ ತೆಗೆದು ನೋಡಿದರೆ ಪ್ರೈಮರ್ ಮೇಲೆ, ನಮ್ಮ ಕಡೆ ಕೇಪು ಅಂತೀವಲ್ಲ ಅದರ ಮೇಲೆ, ಸಾಸಿವೆ ಕಾಳಿನಷ್ಟು ಆಳವಿಲ್ಲದ ಗುರುತು. ಸ್ಪ್ರಿಂಗ್ ತೀರಾ ಸಡಿಲ ಮಾಡಿದ್ದರಿಂದ ಹ್ಯಾಮರ್‌ಗೆ ಬಡಿಯುವ ಶಕ್ತಿಯೇ ಇರಲಿಲ್ಲ. ಇನ್ನೊಬ್ಬರ ಹತ್ತಿರ ಸರಿ ಮಾಡಿಸಿ ಒಂಬತ್ತು ಪೌಂಡಿಗೆ ನಿಲ್ಲಿಸಿದ್ದೇನೆ. ಆಮೇಲೆ ಒಂದೂ ತಪ್ಪಿಲ್ಲ. ಫೆಡರಲ್ ಕಂಪನಿಯ ಪ್ರೈಮರ್ ಮೃದು, ಹಗುರ ಟ್ರಿಗರ್‌ನವರು ಅದನ್ನೇ ಹುಡುಕುತ್ತಾರೆ. ಹಿಡಿಕೆಯ ಮುಂಭಾಗದಲ್ಲಿ ಸ್ಪ್ರಿಂಗ್ ಬಿಗಿ ಮಾಡುವ ಚಿಕ್ಕ ಸ್ಕ್ರೂ ಒಂದಿದೆ. ಅದು ಸಡಿಲವಾದರೂ ಇದೇ ಗೋಳು. ಪ್ರತಿ ಮ್ಯಾಚ್‌ಗೆ ಮುಂಚೆ ಮುಟ್ಟಿ ನೋಡುತ್ತೇನೆ.

ಇನ್ನೊಮ್ಮೆ ನನ್ನದೇ ತಪ್ಪು. ಖಾಲಿ ತೋಟಾ ಹೊರಹಾಕುವಾಗ ನಳಿಗೆ ಮೇಲಕ್ಕೆ ಮಾಡದೆ ಅಡ್ಡ ಹಿಡಿದಿದ್ದೆ. ಉರಿಯದೆ ಉಳಿದ ಮದ್ದಿನ ಒಂದೆರಡು ಕಣ ಖಾಲಿ ತೋಟಾ ಹೊರತಳ್ಳುವ ನಕ್ಷತ್ರಾಕಾರದ ಎಕ್ಸ್‌ಟ್ರ್ಯಾಕ್ಟರ್ ಕೆಳಗೆ ಹೊಕ್ಕವು. ಸಿಲಿಂಡರ್ ಮುಚ್ಚಿತು, ಆದರೆ ತಿರುಗಲಿಲ್ಲ. ಈಗ ಜೇಬಲ್ಲಿ ಹಳೆಯ ಟೂತ್‌ಬ್ರಷ್ ಇರುತ್ತದೆ.

.357 ಮ್ಯಾಗ್ನಮ್ ಬೇಕಾ ಅಂತ ಹೊಸಬರು ಕೇಳುತ್ತಾರೆ. ಈ ರಿವಾಲ್ವರ್ ಅದಕ್ಕೇ ಮಾಡಿದ್ದು. ಆದರೆ ಗುರಿ ಹೊಡೆಯಲು .38 ಸ್ಪೆಷಲ್ ಸಾಕು, ಅದನ್ನೂ ಇದರಲ್ಲಿ ಹಾಕಬಹುದು. ನನ್ನ ಲೆಕ್ಕದಲ್ಲಿ ಮ್ಯಾಗ್ನಮ್ ಐನೂರೂ ದಾಟಿಲ್ಲ. ಕಾಗದಕ್ಕೆ 148 ಗ್ರೇನ್ ತೂಕದ ಗುಂಡಿನ ವಾಡ್‌ಕಟರ್ ಹಾಕಿ. ಮೂತಿ ಚಪ್ಪಟೆ ಇರುವುದರಿಂದ ಪಂಚಿಂಗ್ ಮಷಿನ್ನಿನಲ್ಲಿ ಹೊಡೆದ ಹಾಗೆ ದುಂಡಗೆ ತೂತು ಬೀಳುತ್ತದೆ. ಅದೇ ಚಪ್ಪಟೆ ಮೂತಿ, ಆರೂ ತೋಟಾ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರಿನಲ್ಲಿ ಸಿಲಿಂಡರ್ ಅಂಚಿಗೆ ತಗಲಿಕೊಳ್ಳುತ್ತದೆ. ವೇಗದ ಸ್ಪರ್ಧೆಗೆ 158 ಗ್ರೇನಿನ ದುಂಡು ಮೂತಿಯದೇ ಬೇಕು. ಮ್ಯಾಗ್ನಮ್ ಅಳತೆಗೆ ಕೊರೆದ ಸಿಲಿಂಡರ್ ತೂತಿನಲ್ಲಿ ಗಿಡ್ಡ .38 ಹೊಡೆದಾಗ ಮುಂದೆ ಮಸಿಯ ಉಂಗುರ ಕಟ್ಟುತ್ತದೆ, ಬ್ರಷ್ ಹಾಕಿ ಉಜ್ಜಬೇಕು. 2020ರ ಕೊನೆಗೆ ಎಲ್ಲೂ ತೋಟಾ ಸಿಗದಿದ್ದಾಗ ಐದು ತಿಂಗಳು ನಾಣ್ಯದ ಅಭ್ಯಾಸವೊಂದೇ ಗತಿಯಾಗಿತ್ತು. ಅದೇನೂ ನಷ್ಟ ಆಗಲಿಲ್ಲ ಅಂತ ನನ್ನ ಅಂಕಗಳೇ ಹೇಳಿದವು.

ಆರು ಗುಂಡು ಸಾಕಾ? ಸ್ಟೀಲ್ ಚಾಲೆಂಜ್‌ಗೆ ಸಾಕು. ಒಂದು ಸುತ್ತಿಗೆ ಐದು ತಟ್ಟೆ, ಒಂದು ಗುಂಡು ಕೈಯಲ್ಲಿ ಹೆಚ್ಚಿಗೆ. ರಿವಾಲ್ವರಿಗೆಂದೇ ಇರುವ ಐಕೋರ್ ಸ್ಪರ್ಧೆಗಳಲ್ಲಿ ಆರರದ್ದಕ್ಕೇ ಬೇರೆ ವಿಭಾಗ ಇದೆ. ಓಡಾಡುತ್ತಾ ಹೊಡೆಯುವ ಯುಎಸ್‌ಪಿಎಸ್‌ಎ ಸ್ಪರ್ಧೆಗಳಲ್ಲಿ ಮಾತ್ರ 2014ರಿಂದ ಎಂಟು ಗುಂಡಿನವು ಬಂದಿವೆ, ಅಲ್ಲಿ ಗೆಲ್ಲುವ ಆಸೆ ಇದ್ದರೆ ಸ್ಮಿತ್ ಅಂಡ್ ವೆಸನ್ನಿನದೇ 627 ಅಥವಾ 929 ನೋಡಿ. ತೋಟಾ ಖರ್ಚಿನ ಚಿಂತೆ ಇದ್ದರೆ ಅವರದೇ ಸಣ್ಣ .22 ತೋಟಾದ 617 ತಗೊಳ್ಳಿ, ಹತ್ತು ಗುಂಡು, ಕಲಿಯಲು ಬಹಳ ಒಳ್ಳೆಯದು. ಕಿವಿಗೆ ಪ್ಲಗ್ ಮತ್ತು ಮಫ್ ಎರಡೂ ಹಾಕಿ. ಸೀಸದ ಗುಂಡು ಮುಟ್ಟಿದ ಕೈಯನ್ನು ತಣ್ಣೀರಲ್ಲಿ ತೊಳೆಯದೆ ಏನೂ ತಿನ್ನಬೇಡಿ.

ಎರಡು ವರ್ಷದ ಹಿಂದೆ ಅಪ್ಪ ಬಂದಿದ್ದರು. ವಿಸಿಟರ್ ವೀಸಾ, ಹೊಡೆಯುವ ಹಾಗಿರಲಿಲ್ಲ. ಬೆನ್ ಏವರಿ ರೇಂಜಿನಲ್ಲಿ ಗೆರೆಯ ಹಿಂದೆ ಕಿವಿ ಮುಚ್ಚಿಕೊಂಡು ಕೂತು ನೋಡಿದರು. ನಾನು ಆರು ಹೊಡೆದು ಕಾಗದ ತಂದು ಕೊಟ್ಟೆ. ಐದು ನಡುವಿನ ಕಪ್ಪು ವೃತ್ತದಲ್ಲಿ, ಒಂದು ಹೊರಗೆ. ಅಪ್ಪ ಆ ಹೊರಗಿನ ತೂತಿನ ಮೇಲೆ ಬೆರಳಿಟ್ಟು, "ಇದಕ್ಕೆ ಬೆರಳು ಅವಸರ ಮಾಡಿತು ಅಲ್ವಾ ಮಗಳೇ" ಅಂದರು. ಹೌದು, ನಾಲ್ಕನೆಯದು.