ಪೆನ್‌ಡ್ರೈವಿಗೊಂದು ಬೀಗ: ವೆರಾಕ್ರಿಪ್ಟ್ ಬಳಸಿ ನೋಡಿದೆ

ಕಳೆದ ಮಳೆಗಾಲದಲ್ಲಿ ಅಮ್ಮನ ಪಾನ್ ಕಾರ್ಡ್ ಪ್ರಿಂಟ್ ತೆಗೆಸಲು ಪೇಟೆಯ ಒಂದು ಅಂಗಡಿಗೆ ಪೆನ್‌ಡ್ರೈವ್ ಕೊಟ್ಟಿದ್ದೆ. ವಾರ ಬಿಟ್ಟು ಹೋದರೆ ಅಲ್ಲಿನ ಡೆಸ್ಕ್‌ಟಾಪಿನಲ್ಲಿ ನಮ್ಮ ಇಡೀ ಫೋಲ್ಡರ್ ಕೂತಿದೆ! ಆಧಾರ್, ಪಾಸ್‌ಬುಕ್, ತೋಟದ ಪಾಲುಪಟ್ಟಿ, ಎಲ್ಲ. "ಡಿಲೀಟ್ ಮಾಡ್ಲಿಕ್ಕೆ ಮರೆತು ಹೋಯ್ತು ಅಣ್ಣಾ" ಎಂದ ಹುಡುಗ. ಅವನನ್ನು ಬೈದು ಏನು ಪ್ರಯೋಜನ? ಪೂರ್ತಿ ಪೆನ್‌ಡ್ರೈವ್ ಕೊಟ್ಟದ್ದು ನಾನೇ ಅಲ್ವಾ.

ಕಾಸರಗೋಡಿನ ಬದಿಯಡ್ಕದ ಮನೆಗೆ ಬಂದವನೇ ಫೈಲುಗಳಿಗೆ ಬೀಗ ಹಾಕುವ ವೆರಾಕ್ರಿಪ್ಟ್ ಎಂಬ ತಂತ್ರಾಂಶ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ. 2014ರಲ್ಲಿ ನಿಂತುಹೋದ ಟ್ರೂಕ್ರಿಪ್ಟ್ ಎಂಬ ಇಂಥದ್ದೇ ತಂತ್ರಾಂಶದ ಕೋಡಿನಿಂದ ಹೊರಟ ಕವಲು ಇದು. ಪೆನ್‌ಡ್ರೈವಿನಲ್ಲಿ 2 ಜಿಬಿಯ ಒಂದು ಪೆಟ್ಟಿಗೆ ಮಾಡಿದೆ. ಮಾಡುವಾಗ ಮೌಸನ್ನು ಸುಮ್ನೆ ಅತ್ತಿತ್ತ ಆಡಿಸಲು ಹೇಳುತ್ತದೆ. ಬೀಗದ ಕೀಲಿ ಹುಟ್ಟುವುದರಲ್ಲಿ ಆ ಆಟದ ಪಾಲೂ ಇದೆಯಂತೆ. ಆ ಕೆಲಸ ಮಗಳಿಗೆ ಕೊಟ್ಟೆ, ಅವಳು ರಂಗೋಲಿಯನ್ನೇ ಬಿಡಿಸಿದಳು. ಪಾಸ್‌ವರ್ಡ್ ಕೊಟ್ಟರೆ ಪೆಟ್ಟಿಗೆ ಇನ್ನೊಂದು ಡ್ರೈವಿನ ಹಾಗೆ ತೆರೆದುಕೊಳ್ಳುತ್ತದೆ. ಕೊಡದಿದ್ದರೆ ಅದು ಅರ್ಥವಿಲ್ಲದ ಒಂದು ಫೈಲು, ಅಷ್ಟೆ.

ಪಾಸ್‌ವರ್ಡ್ 20 ಅಕ್ಷರಕ್ಕಿಂತ ಕಡಿಮೆ ಇದ್ದರೆ ಎಚ್ಚರಿಸುತ್ತದೆ. ನಾಲ್ಕು ಭಾಷೆ ಕೇಳಿ ಬೆಳೆದವರಿಗೆ ಅದೊಂದು ಕಷ್ಟವೇ? ಒಂದು ತುಳು ಬೈಗುಳ, ಒಂದು ಮಲಯಾಳದ ತಿಂಡಿ, ಅಜ್ಜಿಯ ಒಂದು ಮಾತು ಸೇರಿಸಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಮರೆತರೆ ಮಾತ್ರ ಕಥೆ ಮುಗಿಯಿತು. ಒಟಿಪಿ ಇಲ್ಲ, ಕಸ್ಟಮರ್ ಕೇರ್ ಇಲ್ಲ. ಚೀಟಿಯಲ್ಲಿ ಬರೆದು ಕಪಾಟಿನಲ್ಲಿ ತೋಟದ ದಾಖಲೆಪತ್ರದ ಜೊತೆ ಇಟ್ಟಿದ್ದೇನೆ.

ತಕರಾರೂ ಇದೆ. ಪೆಟ್ಟಿಗೆಯನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆಯಲು ಅಲ್ಲೂ ವೆರಾಕ್ರಿಪ್ಟ್ ಬೇಕು, ಮೊದಲೇ ಹಾಕಿರದಿದ್ದರೆ ಅಡ್ಮಿನ್ ಅನುಮತಿಯೂ ಬೇಕು. ಇನ್ನು ಓದಲು ಆಗದಿದ್ದರೂ ಅಳಿಸಲು ಯಾರಿಗೂ ಆಗುತ್ತದೆ. 'ಅಡಿಕೆ ಲೆಕ್ಕ' ಎಂದು ಹೆಸರಿಟ್ಟಿದ್ದ ಪೆಟ್ಟಿಗೆಯನ್ನು ಭಾವ ಹಳೆಯ ಕಸವೆಂದು ಡಿಲೀಟ್ ಮಾಡಿಬಿಟ್ಟ. ಪುಣ್ಯಕ್ಕೆ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ ಇತ್ತು.

ದುಬೈಯ ತಮ್ಮನಿಗೆ ಒಂದೆರಡು ಕಾಗದ ಕಳಿಸಲು ಇಷ್ಟೆಲ್ಲ ಬೇಡ, ಫೈಲುಗಳನ್ನು ಒಂದೇ ಕಟ್ಟು ಮಾಡಿ ಪಾಸ್‌ವರ್ಡ್ ಹಾಕುವ 7-ಜಿಪ್ ಎಂಬ ತಂತ್ರಾಂಶ ಸಾಕು. ಫೈಲಿನ ಹೆಸರನ್ನೂ ಮುಚ್ಚುವ ಗುರುತು ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಒಳಗೆ 'ಪಾಲುಪಟ್ಟಿ' ಇದೆಯೆಂದು ಹೊರಗಿನಿಂದಲೇ ಕಾಣುತ್ತದೆ. ಪಾಸ್‌ವರ್ಡನ್ನು ಅದೇ ಮೆಸೇಜಿನಲ್ಲಿ ಹಾಕದೆ ಫೋನಿನಲ್ಲಿ ಹೇಳುತ್ತೇನೆ.

ಪ್ರಿಂಟ್ ಅಂಗಡಿಗೆ ಈಗ ಬೇರೆಯೇ ಒಂದು ಹಳೆಯ ಪೆನ್‌ಡ್ರೈವ್ ಒಯ್ಯುತ್ತೇನೆ. ಅದರಲ್ಲಿ ಅಂದಿಗೆ ಬೇಕಾದ ಒಂದು ಪುಟ ಮಾತ್ರ.